ನಮ್ಮವರು ಆಡದ ದಿನ ಯಾರ ಪರ?

ಐಪಿಎಲ್‌ನಲ್ಲಿ 10 ತಂಡಗಳಾದ 2022ರಿಂದ 2025ರವರೆಗೆ ಪ್ರತಿ ವರ್ಷ ಲೀಗ್ ಹಂತಕ್ಕೆ ನಿಗದಿಯಾಗಿದ್ದು 70 ಪಂದ್ಯ. ಅದರಲ್ಲಿ ಆರ್‌ಸಿಬಿ ಪಾಲಿನವು 14. ಮಿಕ್ಕ 56 ಪಂದ್ಯಗಳಲ್ಲಿ ಕೆಂಪು ಜೆರ್ಸಿ ಮೈದಾನಕ್ಕೆ ಇಳಿಯುವುದೇ ಇಲ್ಲ. ಹಾಗಂತ ಟೀವಿ ಆರಿಸಿ ಮಲಗುವವರು ಎಷ್ಟು ಜನ? ‘ಯಾರಾದ್ರೂ ಗೆಲ್ಲಲಿ, ನನಗೇನು’ ಎಂದು ಕೂತವರೂ ಮೂರನೇ ಓವರ್ ಹೊತ್ತಿಗೆ ಯಾವುದೋ ಒಂದು ಕಡೆ ವಾಲಿರುತ್ತಾರೆ. ಕ್ರಿಕೆಟ್ ನೋಡುವ ಕಣ್ಣಿಗೆ ಪಕ್ಷ ಇಲ್ಲದೆ ರುಚಿ ಹತ್ತುವುದಿಲ್ಲ.

ಪಕ್ಷ ಹಿಡಿಯುವುದಾದರೆ ಲೆಕ್ಕ ಹಾಕಿಯೇ ಹಿಡಿಯಬಹುದು. ಬೇರೆಯವರ ಪಂದ್ಯದ ಫಲಿತಾಂಶ ನಮ್ಮ ತಂಡದ ಹಣೆಬರಹವನ್ನು ಬದಲಿಸಿದ ಉದಾಹರಣೆಗಳು ಬೇಕಾದಷ್ಟಿವೆ. ಆ ಲೆಕ್ಕ ಹೇಗೆ ನಡೆಯುತ್ತದೆ, ಲೆಕ್ಕಕ್ಕೆ ಕೆಲಸವೇ ಇಲ್ಲದ ಪಂದ್ಯಗಳಲ್ಲಿ ಏನು ನೋಡಿ ಆರಿಸಿಕೊಳ್ಳಬೇಕು ಎಂಬುದನ್ನು ಆರ್‌ಸಿಬಿ ಅಭಿಮಾನಿಯ ಕುರ್ಚಿಯಲ್ಲಿ ಕೂತೇ ನೋಡೋಣ. ಮುಂಬೈ, ಚೆನ್ನೈ ಅಭಿಮಾನಿಗಳಿಗೂ ಸೂತ್ರ ಇದೇ.

ಕೇಳಿಕೊಳ್ಳಬೇಕಾದ ಒಂದೇ ಪ್ರಶ್ನೆ

ಇವತ್ತು ಆಡುತ್ತಿರುವ ಎರಡು ತಂಡಗಳಲ್ಲಿ ಯಾವುದು ಗೆದ್ದರೆ ನಮಗೆ ಏನೂ ತೊಂದರೆ ಇಲ್ಲ? ಆ ತಂಡದ ಪರ ನಿಲ್ಲಿ. ಇಷ್ಟೇ ಸೂತ್ರ.

ತೊಂದರೆ ಕೊಡಲಾರದ ತಂಡಗಳು ಎರಡು ಬಗೆಯವು. ಒಂದು, ಪಟ್ಟಿಯ ಬುಡದಲ್ಲಿದ್ದು, ಇನ್ನೆಷ್ಟು ಗೆದ್ದರೂ ನಮ್ಮನ್ನು ಮುಟ್ಟಲಾಗದವರು. ಇನ್ನೊಂದು, ನಾವು ಹೇಗೂ ಹಿಡಿಯಲಾಗದಷ್ಟು ಮೇಲೆ ಹೋದವರು. ತಂಟೆ ಇರುವುದೆಲ್ಲ ನಡುವಿನವರ ಹತ್ತಿರ. ನಮ್ಮಷ್ಟೇ ಅಂಕ ಇಟ್ಟುಕೊಂಡು, ಅದೇ ನಾಲ್ಕನೇ ಸ್ಥಾನಕ್ಕೆ ಟವೆಲ್ ಹಾಕಿ ಕೂತವರು ಅವರು.

2022ರ ಮೇ 21 ಈ ಸೂತ್ರಕ್ಕೆ ಹೇಳಿ ಮಾಡಿಸಿದ ದಿನ. ಎರಡು ದಿನ ಮೊದಲು ಗುಜರಾತ್ ಟೈಟನ್ಸ್ ತಂಡವನ್ನು ಸೋಲಿಸಿ ಆರ್‌ಸಿಬಿ 16 ಅಂಕಕ್ಕೆ ತನ್ನ ಲೀಗ್ ಪಂದ್ಯಗಳನ್ನು ಮುಗಿಸಿತ್ತು. ಡೆಲ್ಲಿ ಕ್ಯಾಪಿಟಲ್ಸ್ ಬಳಿ 14 ಅಂಕ, ಒಂದು ಪಂದ್ಯ ಬಾಕಿ. ಡೆಲ್ಲಿ ಗೆದ್ದರೆ ಎರಡೂ ತಂಡಗಳಿಗೆ 16. ಆಗ ತೀರ್ಮಾನ ನೆಟ್ ರನ್‌ರೇಟ್‌ದು, ಅದರಲ್ಲಿ ನಮ್ಮದು ಋಣ ಸಂಖ್ಯೆ, ಡೆಲ್ಲಿಯದು ಧನ ಸಂಖ್ಯೆ. ಅಂದರೆ ಡೆಲ್ಲಿ ಸೋಲಲೇಬೇಕಿತ್ತು. ಅವರ ಎದುರಾಳಿ ಯಾರು? ಪಟ್ಟಿಯ ಕಟ್ಟಕಡೆಯಲ್ಲಿದ್ದ ಮುಂಬೈ ಇಂಡಿಯನ್ಸ್.

ಆ ರಾತ್ರಿ ಬೆಂಗಳೂರಿನ ಮನೆಮನೆಯಲ್ಲೂ ನೀಲಿ ಜೆರ್ಸಿಗೆ ಜೈಕಾರ. ‘ಏನೋ ಇದು, ಮುಂಬೈಯೋರಿಗೆ ಚಪ್ಪಾಳೆ ಹೊಡೀತಿದ್ದೀಯಾ?’ ಎಂದು ತಾತ ಕೇಳಿದರೆ, ‘ಇವತ್ತೊಂದಿನ ಅಷ್ಟೇ ತಾತ’ ಎಂದು ಮೊಮ್ಮಗ ಹಲ್ಲು ಕಿರಿಯುವ ಸನ್ನಿವೇಶ.

ವಾಂಖೆಡೆಯಲ್ಲಿ ಡೆಲ್ಲಿ 7 ವಿಕೆಟ್‌ಗೆ 159 ರನ್ ಮಾಡಿತ್ತು. ಮುಂಬೈ ಚೇಸ್ ಕುಂಟುತ್ತಿದ್ದಾಗ ಟಿಮ್ ಡೇವಿಡ್ ಕ್ರೀಸಿಗೆ ಬಂದರು. ಎದುರಿಸಿದ ಮೊದಲ ಎಸೆತದಲ್ಲೇ ಚೆಂಡು ಬ್ಯಾಟಿನ ಅಂಚು ಸವರಿ ಕೀಪರ್ ರಿಷಭ್ ಪಂತ್ ಕೈ ಸೇರಿತು. ಬೌಲರ್ ಶಾರ್ದೂಲ್ ಠಾಕೂರ್. ಅಂಪೈರ್ ಔಟ್ ಕೊಡಲಿಲ್ಲ. ರಿವ್ಯೂ ಉಳಿದಿದ್ದರೂ ನಾಯಕರಾಗಿದ್ದ ಪಂತ್ ಅದನ್ನು ಕೇಳಲಿಲ್ಲ. ಬಳಿಕ ತೋರಿಸಿದ ರೀಪ್ಲೇಯಲ್ಲಿ ಬ್ಯಾಟಿಗೆ ತಾಗಿದ ಗುರುತು ಸ್ಪಷ್ಟ. ಡೇವಿಡ್ 11 ಎಸೆತಗಳಲ್ಲಿ 34 ಚಚ್ಚಿ ಹೋದರು. ಮುಂಬೈ 19.1 ಓವರ್‌ಗಳಲ್ಲಿ 5 ವಿಕೆಟ್‌ನಿಂದ ಗೆದ್ದಿತು, ಆರ್‌ಸಿಬಿ ಪ್ಲೇಆಫ್‌ಗೆ ಹೋಯಿತು. ಒಂದು ಪಂದ್ಯವನ್ನೂ ಆಡದೆ ಆರ್‌ಸಿಬಿ ಗೆದ್ದ ರಾತ್ರಿ ಅದು.

ಮೇಲಿನವರು ಗೆಲ್ಲುತ್ತಲೇ ಇರಲಿ

ಬುಡದವರ ಪರ ನಿಲ್ಲುವುದು ಮನಸ್ಸಿಗೆ ಒಗ್ಗುತ್ತದೆ. ದುರ್ಬಲರ ಮೇಲೆ ಎಲ್ಲರಿಗೂ ಕನಿಕರ. ಆದರೆ ಪಟ್ಟಿಯ ತುದಿಯಲ್ಲಿರುವ ತಂಡ ಇನ್ನೂ ಗೆಲ್ಲಲಿ ಎಂದು ಹಾರೈಸುವುದು ಅಷ್ಟು ಸುಲಭವಲ್ಲ. ಅದು ಯಾಕೆ ಬೇಕು ಎಂದು ಅರ್ಥವಾಗಲು ಅಂಕಗಳ ಒಟ್ಟು ಮೊತ್ತ ನೋಡಬೇಕು.

ಗೆದ್ದವರಿಗೆ 2 ಅಂಕ, ಮಳೆಯಿಂದ ಪಂದ್ಯ ರದ್ದಾದರೆ ತಲಾ 1. ಹೇಗೇ ಆಗಲಿ, ಒಂದು ಪಂದ್ಯದಿಂದ ಪಟ್ಟಿಗೆ ಸೇರುವುದು ಎರಡೇ ಅಂಕ. 70 ಪಂದ್ಯಕ್ಕೆ 140 ಅಂಕ. ಹತ್ತು ತಂಡಗಳಿಗೆ ಸರಾಸರಿ 14. ಈ 140 ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಹಾಗಾಗಿ ನಮ್ಮ ಜೊತೆ ನಾಲ್ಕನೇ ಸ್ಥಾನಕ್ಕೆ ಗುದ್ದಾಡುವ ನಡುವಿನ ತಂಡಗಳನ್ನು ಮೇಲಿನವರು ಸೋಲಿಸಿದರೂ ಲಾಭ, ಕೆಳಗಿನವರು ಸೋಲಿಸಿದರೂ ಲಾಭ. ಎರಡೂ ಕಡೆಯಿಂದ ಹಿಂಡಿದಾಗ ನಡುವಿನವರ ಅಂಕ ಕರಗುತ್ತದೆ, ನಾಲ್ಕನೇ ಸ್ಥಾನ ಅಗ್ಗವಾಗುತ್ತದೆ.

ಎಷ್ಟು ಅಗ್ಗ? 2022 ಮತ್ತು 2023ರಲ್ಲಿ ನಾಲ್ಕನೇ ತಂಡದ ಬಳಿ 16 ಅಂಕ ಇತ್ತು. 2024ರಲ್ಲಿ ಕೋಲ್ಕತ್ತ 20, ಹೈದರಾಬಾದ್ ಮತ್ತು ರಾಜಸ್ಥಾನ ತಲಾ 17 ಅಂಕ ಬಾಚಿಕೊಂಡವು. ಮೊದಲ ಎಂಟು ಪಂದ್ಯಗಳಲ್ಲಿ ಏಳನ್ನು ಸೋತಿದ್ದ ಆರ್‌ಸಿಬಿ ಆಮೇಲೆ ಸತತ ಆರು ಗೆದ್ದು 14 ಅಂಕಕ್ಕೇ ಒಳಗೆ ಹೋಯಿತು. ಎಂಟೇ ತಂಡಗಳಿದ್ದ 2019ರಲ್ಲಂತೂ ಹೈದರಾಬಾದಿಗೆ 12 ಅಂಕ ಸಾಕಾಗಿತ್ತು.

ಈ ಲೆಕ್ಕದ ಬಿಸಿ ನಮಗೇ ತಟ್ಟಿದ್ದು 2023ರ ಮೇ 21ರಂದು. ಮಧ್ಯಾಹ್ನದ ಪಂದ್ಯದಲ್ಲಿ ಮುಂಬೈ ಹೈದರಾಬಾದನ್ನು ಸೋಲಿಸಿ 16 ಅಂಕ ಮುಟ್ಟಿತು. ರಾತ್ರಿ ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ, ಗುಜರಾತ್ ಎದುರು ಗೆದ್ದರೆ ನಮಗೂ 16, ರನ್‌ರೇಟ್‌ನಲ್ಲಿ ನಾವೇ ಮೇಲೆ. ಈ ಸಲ ಪಕ್ಕದವರ ಪಂದ್ಯಕ್ಕೆ ಉಸಿರು ಬಿಗಿಹಿಡಿದು ಕೂತವರು ಮುಂಬೈ ಅಭಿಮಾನಿಗಳು. ಅವರು ನಿಂತಿದ್ದು ಪಟ್ಟಿಯ ಬುಡದವರ ಪರವಲ್ಲ, ತುದಿಯಲ್ಲಿದ್ದ ಗುಜರಾತ್ ಪರ. ಗುಜರಾತಿಗೆ ಮೊದಲ ಸ್ಥಾನ ಆಗಲೇ ಖಚಿತವಾಗಿತ್ತು, ಅವರ ಗೆಲುವಿನಿಂದ ಮುಂಬೈಗೆ ಕಳೆದುಕೊಳ್ಳುವುದು ಏನೂ ಇರಲಿಲ್ಲ. ಕೊಹ್ಲಿ ಔಟಾಗದೆ 101 ಹೊಡೆದರು; ಶುಭಮನ್ ಗಿಲ್ ಔಟಾಗದೆ 104 ಹೊಡೆದು ಉತ್ತರ ಕೊಟ್ಟರು. ಆರ್‌ಸಿಬಿ ಹೊರಗೆ, ಮುಂಬೈ ಒಳಗೆ.

ನಡುವಿನ ಎರಡು ತಂಡಗಳೇ ಪರಸ್ಪರ ಆಡಿದರೆ? ಯಾರು ಗೆದ್ದರೂ ನಮಗೆ ಒಂದಿಷ್ಟು ನಷ್ಟವೇ. ಆಗ ಎರಡು ಸಂಗತಿ ನೋಡಿ. ಯಾರ ನೆಟ್ ರನ್‌ರೇಟ್ ನಮ್ಮದಕ್ಕಿಂತ ತೀರಾ ಕೆಳಗಿದೆಯೋ ಅವರು ಗೆಲ್ಲಲಿ. ಅಂಕ ಸಮವಾದರೂ ಅವರು ನಮ್ಮ ಹಿಂದೆಯೇ ನಿಲ್ಲುತ್ತಾರೆ. ಅದೂ ಸಮಸಮ ಇದ್ದರೆ, ಯಾರಿಗೆ ಇನ್ನೂ ನಮ್ಮ ಜೊತೆ ಪಂದ್ಯ ಬಾಕಿ ಇದೆಯೋ ಅವರು ಗೆಲ್ಲಲಿ. ಅವರನ್ನು ಹಿಂದಕ್ಕೆ ತಳ್ಳುವ ಅವಕಾಶ ನಮ್ಮ ಕೈಯಲ್ಲೇ ಇರುತ್ತದೆ. ನಮ್ಮ ಜೊತೆಗಿನ ಪಂದ್ಯ ಮುಗಿಸಿಕೊಂಡವರನ್ನು ಸೋಲಿಸಲು ಮಾತ್ರ ಬೇರೆಯವರೇ ಬೇಕು.

ಒಳಗೆ ಹೋದ ಮೇಲೂ ಲೆಕ್ಕ ಮುಗಿಯುವುದಿಲ್ಲ

ನಾಲ್ಕರೊಳಗೆ ಸ್ಥಾನ ಸಿಕ್ಕಿದ ಕೂಡಲೇ ಬೇರೆಯವರ ಪಂದ್ಯ ನೋಡುವುದನ್ನು ಬಿಡುವವರಿದ್ದಾರೆ. ಅವರು ಸಗಟು ಲಾಭ ಬಿಟ್ಟು ಚಿಲ್ಲರೆಗೆ ತೃಪ್ತಿಪಟ್ಟಂತೆ. ಮೊದಲ ಎರಡು ಸ್ಥಾನದವರು ಕ್ವಾಲಿಫೈಯರ್ 1 ಆಡುತ್ತಾರೆ. ಗೆದ್ದರೆ ಸೀದಾ ಫೈನಲ್, ಸೋತರೂ ಇನ್ನೊಂದು ಅವಕಾಶ. ಮೂರು ಮತ್ತು ನಾಲ್ಕನೇ ಸ್ಥಾನದವರು ಆಡುವ ಎಲಿಮಿನೇಟರ್‌ನಲ್ಲಿ ಸೋತವರು ಅಂದೇ ಗಂಟುಮೂಟೆ ಕಟ್ಟಬೇಕು. ಈ ಪದ್ಧತಿ ಬಂದ 2011ರಿಂದ 2025ರವರೆಗೆ ಮೊದಲ ಎರಡು ಸ್ಥಾನದ ಹೊರಗಿನಿಂದ ಬಂದು ಕಪ್ ಎತ್ತಿದ್ದು ಒಂದೇ ತಂಡ: 2016ರ ಸನ್‌ರೈಸರ್ಸ್ ಹೈದರಾಬಾದ್. ಫೈನಲ್‌ನಲ್ಲಿ ಅವರು ಸೋಲಿಸಿದ್ದು ಯಾರನ್ನು, ಯಾವ ಮೈದಾನದಲ್ಲಿ ಎಂಬುದನ್ನು ಬೆಂಗಳೂರಿನವರಿಗೆ ನೆನಪಿಸಬೇಕಾಗಿಲ್ಲ.

2025ರ ಮೇ 25ರ ಬೆಳಿಗ್ಗೆ ಪಟ್ಟಿ ಹೀಗಿತ್ತು: ಗುಜರಾತ್ 18, ಪಂಜಾಬ್ 17, ಆರ್‌ಸಿಬಿ 17, ಮುಂಬೈ 16. ನಾಲ್ಕೂ ತಂಡ ಒಳಗೆ ಹೋಗಿ ಆಗಿತ್ತು, ಎಲ್ಲರಿಗೂ ಒಂದೊಂದು ಪಂದ್ಯ ಬಾಕಿ. ಅಂದು ಗುಜರಾತ್ ಎದುರು ಆಡಬೇಕಿದ್ದದ್ದು ಪಟ್ಟಿಯ ಕೊನೆಯಲ್ಲಿದ್ದ ಚೆನ್ನೈ. ಹೊರಗಿನಿಂದ ನೋಡಿದರೆ ಇದು ಯಾರಿಗೂ ಬೇಡದ ಪಂದ್ಯ. ಆರ್‌ಸಿಬಿ ಅಭಿಮಾನಿಗೆ ಮಾತ್ರ ಬೇಕೇಬೇಕಾದ ಪಂದ್ಯ.

ಯಾಕೆಂದರೆ ಗುಜರಾತ್ ಗೆದ್ದಿದ್ದರೆ ಅವರಿಗೆ 20 ಅಂಕ, ಒಂದು ಜಾಗ ಭರ್ತಿ. ಮರುದಿನ ಪಂಜಾಬ್ ಮುಂಬೈಯನ್ನು ಸೋಲಿಸಿ 19 ಅಂಕಕ್ಕೆ ಹೋಯಿತು. ಅದರ ಮರುದಿನ ಲಖನೌದಲ್ಲಿ 228ರ ಗುರಿ ಬೆನ್ನಟ್ಟಿ ಗೆದ್ದ ಆರ್‌ಸಿಬಿಯದೂ 19. ಕೊನೆಯ ಪಟ್ಟಿಯಲ್ಲಿ ಪಂಜಾಬ್ ರನ್‌ರೇಟ್ +0.372, ಆರ್‌ಸಿಬಿಯದು +0.301. ಗುಜರಾತ್ 20ರಲ್ಲಿ ಕೂತಿದ್ದರೆ ನಮ್ಮದು ಮೂರನೇ ಸ್ಥಾನ, ಜಿತೇಶ್ ಶರ್ಮಾ 33 ಎಸೆತಗಳಲ್ಲಿ ಹೊಡೆದ ಆ 85 ರನ್ ಎಲಿಮಿನೇಟರ್‌ಗಷ್ಟೇ ಸಾಲುತ್ತಿತ್ತು.

ಆದರೆ ಅಹಮದಾಬಾದಿನಲ್ಲಿ ಚೆನ್ನೈ 230 ಹೊಡೆದು ಗುಜರಾತನ್ನು 147ಕ್ಕೆ ಮುಗಿಸಿತು. 83 ರನ್ ಗೆಲುವು. ಆರ್‌ಸಿಬಿ ಎರಡನೇ ಸ್ಥಾನ ಹಿಡಿಯಿತು, ಕ್ವಾಲಿಫೈಯರ್ 1ರಲ್ಲಿ ಪಂಜಾಬನ್ನು 101ಕ್ಕೆ ಉರುಳಿಸಿತು, ಜೂನ್ 3ರಂದು ಅದೇ ಪಂಜಾಬ್ ಎದುರು 6 ರನ್‌ನಿಂದ ಮೊದಲ ಸಲ ಕಪ್ ಎತ್ತಿತು. ಗುಜರಾತ್ ಎಲಿಮಿನೇಟರ್‌ನಲ್ಲೇ ಮುಗ್ಗರಿಸಿತು. 18 ವರ್ಷ ಕಾದ ಕಪ್ಪಿನ ದಾರಿಯಲ್ಲಿ ಒಂದು ಕಲ್ಲು ಸರಿಸಿಕೊಟ್ಟವರು ಹಳದಿ ಜೆರ್ಸಿಯವರು. ಒಪ್ಪಿಕೊಳ್ಳಲು ಕಷ್ಟ, ಲೆಕ್ಕ ಮಾತ್ರ ಹಾಗೇ ಇದೆ.

ರನ್‌ರೇಟ್: ಗೆದ್ದರೆ ಸಾಲದು, ಎಷ್ಟರಲ್ಲಿ?

ಯಾರು ಗೆಲ್ಲಬೇಕು ಎಂಬುದು ತಿಳಿದ ಮೇಲೆ ಎಷ್ಟು ಅಂತರದಿಂದ ಎಂಬುದು ಬರುತ್ತದೆ. ನೆಟ್ ರನ್‌ರೇಟ್ ಎಂದರೆ, ಇಡೀ ಟೂರ್ನಿಯಲ್ಲಿ ನಾವು ಒಂದು ಓವರಿಗೆ ಹೊಡೆದ ಸರಾಸರಿ ರನ್‌ನಿಂದ ಒಂದು ಓವರಿಗೆ ಕೊಟ್ಟ ಸರಾಸರಿ ರನ್ ಕಳೆದರೆ ಸಿಗುವ ಸಂಖ್ಯೆ. ತಂಡ 15ನೇ ಓವರ್‌ನಲ್ಲೇ ಆಲೌಟ್ ಆದರೂ 20 ಓವರ್ ಆಡಿದಂತೆಯೇ ಲೆಕ್ಕ. ಫಲಿತಾಂಶ ಬಾರದೆ ರದ್ದಾದ ಪಂದ್ಯ ಈ ಲೆಕ್ಕಕ್ಕೆ ಬರುವುದಿಲ್ಲ.

ಮನಸ್ಸಿನಲ್ಲೇ ಲೆಕ್ಕ ಹಾಕಲು ಒಂದು ಸುಲಭದ ದಾರಿ ಇದೆ. 14 ಪಂದ್ಯ ಎಂದರೆ ಸುಮಾರು 280 ಓವರ್. ಹಾಗಾಗಿ ಟೂರ್ನಿಯ ಕೊನೆಯಲ್ಲಿ 28 ರನ್ ಅಂತರದ ಗೆಲುವಿನಿಂದ ರನ್‌ರೇಟ್‌ಗೆ ಸೇರುವುದು ಹೆಚ್ಚುಕಡಿಮೆ 0.1. 2022ರಲ್ಲಿ ಲೀಗ್ ಮುಗಿದಾಗ ಆರ್‌ಸಿಬಿಯದು -0.253, ಸೋತ ಮೇಲೂ ಡೆಲ್ಲಿಯದು +0.204. ನಡುವಿನ ಅಂತರ 0.457, ರನ್‌ಗೆ ತಿರುಗಿಸಿದರೆ ಸುಮಾರು 128. ಡೆಲ್ಲಿ ಅಂದು ಒಂದೇ ರನ್‌ನಿಂದ ಗೆದ್ದಿದ್ದರೂ ನಮ್ಮ ಕತೆ ಮುಗಿಯುತ್ತಿತ್ತು ಎನ್ನುವುದು ಇದರಿಂದ ಗೊತ್ತಾಗುತ್ತದೆ.

ಇಬ್ಬರು ಸ್ಪರ್ಧಿಗಳು ಮುಖಾಮುಖಿಯಾದಾಗ ಲೆಕ್ಕದ ವೇಗ ದುಪ್ಪಟ್ಟು. 2024ರ ಮೇ 18ರಂದು ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಮತ್ತು ಚೆನ್ನೈ ಆಡುವ ಮೊದಲು ಚೆನ್ನೈ ರನ್‌ರೇಟ್ +0.528, ನಮ್ಮದು +0.387. ವ್ಯತ್ಯಾಸ 0.141. ಆಗ ಇಬ್ಬರೂ ಆಡಿದ್ದು 13 ಪಂದ್ಯ, 0.141ನ್ನು 13ರಿಂದ ಗುಣಿಸಿದರೆ 1.833. ಒಂದು ಪಂದ್ಯದಲ್ಲಿ ನಮ್ಮದು ಏರಿದಷ್ಟೇ ಅವರದು ಇಳಿಯುವುದರಿಂದ ಅದರ ಅರ್ಧ ಸಾಕು: ಓವರಿಗೆ 0.917 ರನ್. 20 ಓವರಿಗೆ 18 ಚಿಲ್ಲರೆ. ವಾರವಿಡೀ ಎಲ್ಲರ ಬಾಯಲ್ಲಿ ಓಡಾಡಿದ ‘18 ರನ್‌ನಿಂದ ಗೆಲ್ಲಬೇಕು’ ಎಂಬ ಮಾತು ಹುಟ್ಟಿದ್ದು ಹೀಗೆ. ನಾವು ಹೊಡೆದದ್ದು 218. ಹಾಗಾಗಿ ಚೆನ್ನೈಗೆ ಸೋತರೂ 201 ಮುಟ್ಟಿದರೆ ಸಾಕಿತ್ತು. ಕೊನೆಯ ಓವರಿಗೆ ಅವರಿಗೆ ಬೇಕಿದ್ದದ್ದು 17. ಯಶ್ ದಯಾಳ್ ಎಸೆದ ಮೊದಲ ಚೆಂಡನ್ನು ಧೋನಿ ಸಿಕ್ಸರ್‌ಗೆ ಅಟ್ಟಿದರು, ಎರಡನೆಯದಕ್ಕೆ ಔಟಾದರು. ಚೆನ್ನೈ 191ಕ್ಕೆ ನಿಂತಿತು. 27 ರನ್‌ನಿಂದ ಸೋತ ತಂಡ ಹತ್ತು ರನ್ ಕಮ್ಮಿಯಾಗಿ ಹೊರಬಿದ್ದಿತು ಎಂಬುದು ಲೆಕ್ಕ ಗೊತ್ತಿಲ್ಲದವರಿಗೆ ಒಗಟು.

ಲೆಕ್ಕ ಯಾವಾಗ ಶುರು ಮಾಡಬೇಕು?

ಏಪ್ರಿಲ್ ಮೊದಲ ವಾರದಲ್ಲೇ ಪಟ್ಟಿ ಹಿಡಿದು ಕೂರುವುದು ವ್ಯರ್ಥ. ಎಲ್ಲ ತಂಡಗಳೂ ಒಂಬತ್ತು–ಹತ್ತು ಪಂದ್ಯ ಮುಗಿಸುವವರೆಗೆ ಯಾರು ಮೇಲಿನವರು, ಯಾರು ಬುಡದವರು ಎಂಬುದೇ ನಿಲ್ಲುವುದಿಲ್ಲ. 2024ರ ಎಂಟನೇ ಪಂದ್ಯದ ಹೊತ್ತಿಗೆ ಆರ್‌ಸಿಬಿಯನ್ನು ‘ನಮ್ಮನ್ನು ಮುಟ್ಟಲಾಗದವರು’ ಎಂದು ಲೆಕ್ಕದಿಂದ ಹೊಡೆದುಹಾಕಿ, ಅವರ ಗೆಲುವಿಗೆ ಚಪ್ಪಾಳೆ ತಟ್ಟಿದ ಚೆನ್ನೈ ಅಭಿಮಾನಿ ಆಮೇಲೆ ಏನಾದ ಎಂದು ಊಹಿಸಿಕೊಳ್ಳಿ.

ಇನ್ನೊಂದು ಸಂಗತಿ: ಯಾರ ಪಂದ್ಯ ಕೊನೆಗಿದೆ ಎಂಬುದನ್ನೂ ಗಮನಿಸಿ. ಕೊನೆಗೆ ಆಡುವವರಿಗೆ ಎಷ್ಟು ಬೇಕು ಎಂಬುದು ಮೊದಲೇ ತಿಳಿದಿರುತ್ತದೆ. ಅದೊಂದು ಅನುಕೂಲ, ಒಮ್ಮೊಮ್ಮೆ ಹೊರೆ. ಮೊದಲೇ ಮುಗಿಸಿಕೊಂಡವರಿಗೆ ಟೀವಿ ಮುಂದೆ ಕೂರುವುದು ಬಿಟ್ಟರೆ ಬೇರೆ ದಾರಿಯಿಲ್ಲ.

ಲೆಕ್ಕಕ್ಕೆ ಕೆಲಸವಿಲ್ಲದ ದಿನ: ಊರಿನ ಹುಡುಗ ಎಲ್ಲಿದ್ದಾನೆ?

ಏಪ್ರಿಲ್‌ನ ಪಂದ್ಯಗಳಿಗೆ, ನಮ್ಮ ತಂಡ ಹೊರಬಿದ್ದ ಮೇಲಿನ ಪಂದ್ಯಗಳಿಗೆ ಪಟ್ಟಿ ಉಪಯೋಗಕ್ಕೆ ಬರುವುದಿಲ್ಲ. ಆಗ ಮೊದಲು ಹುಡುಕಬೇಕಾದದ್ದು ಹನ್ನೊಂದರ ಪಟ್ಟಿಯಲ್ಲಿ ನಮ್ಮವರ ಹೆಸರು. ಕರ್ನಾಟಕದ ಆಟಗಾರರು ಎಲ್ಲ ದಿಕ್ಕಿಗೂ ಚದುರಿದ್ದಾರೆ. 2025ರಲ್ಲಿ ಕೆ.ಎಲ್. ರಾಹುಲ್, ಕರುಣ್ ನಾಯರ್ ಡೆಲ್ಲಿಯಲ್ಲಿ, ಮನೀಷ್ ಪಾಂಡೆ ಕೋಲ್ಕತ್ತದಲ್ಲಿ, ಅಭಿನವ್ ಮನೋಹರ್ ಹೈದರಾಬಾದಿನಲ್ಲಿ, ವೈಶಾಖ್ ವಿಜಯಕುಮಾರ್ ಪಂಜಾಬಿನಲ್ಲಿ ಇದ್ದರು. ಗುಜರಾತ್ ಪರ 25 ವಿಕೆಟ್ ಕಿತ್ತು ಪರ್ಪಲ್ ಕ್ಯಾಪ್ ತೊಟ್ಟವರು ಪ್ರಸಿದ್ಧ ಕೃಷ್ಣ.

ಈ ದಾರಿಯಲ್ಲಿ ಒಂದು ಇಕ್ಕಟ್ಟಿದೆ. ಹುಡುಗ ಆಡಬೇಕು, ಅವನ ತಂಡ ಗೆಲ್ಲಬಾರದು ಎನ್ನಿಸುವ ದಿನಗಳು ಬರುತ್ತವೆ. 2025ರ ಏಪ್ರಿಲ್ 13ರಂದು ಹಾಗೇ ಆಯಿತು. ಅಲ್ಲಿಯವರೆಗೆ ಸೋಲೇ ಕಾಣದ ಡೆಲ್ಲಿ ಪರ ಕರುಣ್ ಮುಂಬೈ ಎದುರು 40 ಎಸೆತಗಳಲ್ಲಿ 89 ಹೊಡೆದರು, ಡೆಲ್ಲಿ 12 ರನ್‌ನಿಂದ ಸೋತಿತು. ಆರ್‌ಸಿಬಿ ಅಭಿಮಾನಿಗೆ ಎರಡೂ ಕೈಯಲ್ಲಿ ಲಾಡು. ಆದರೆ ಇದಕ್ಕೆ ಮೂರು ದಿನ ಮೊದಲು ಚಿನ್ನಸ್ವಾಮಿಯಲ್ಲಿ ರಾಹುಲ್ ನಮ್ಮ ಎದುರೇ ಔಟಾಗದೆ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಬರೆದು ಅದರ ನಡುವೆ ಬ್ಯಾಟ್ ಊರಿ ನಿಂತಿದ್ದರು. ಇದು ನನ್ನ ನೆಲ ಎನ್ನುವ ಆ ಭಂಗಿಗೆ ‘ಕಾಂತಾರ’ ಸಿನಿಮಾ ಪ್ರೇರಣೆ ಎಂದು ಅವರೇ ಹೇಳಿದ್ದರು. ಸೋತವರೂ ಮನಸ್ಸಿನಲ್ಲೇ ಹೆಮ್ಮೆಪಟ್ಟ ಸಂಜೆ ಅದು. ಊರಿನ ಹುಡುಗನ ಪರ ನಿಲ್ಲುವುದಾದರೆ ಒಂದು ಗೆರೆ ಎಳೆದುಕೊಳ್ಳಿ: ನಮ್ಮ ತಂಡದ ಎದುರು ಅವನೂ ಎದುರಾಳಿಯೇ, ಉಳಿದ ದಿನ ಅವನು ಮನೆ ಮಗ.

ಇದೇ ಪ್ರಶ್ನೆ ಇನ್ನೂ ಗಹನವಾಗಿ ಎದುರಾದದ್ದು 2024–25ರ ರಣಜಿ ಫೈನಲ್‌ನಲ್ಲಿ. ಕರ್ನಾಟಕ ಗುಂಪು ಹಂತದಲ್ಲೇ ಹೊರಬಿದ್ದಿತ್ತು. ನಾಗಪುರದಲ್ಲಿ ವಿದರ್ಭ–ಕೇರಳ ಮುಖಾಮುಖಿ. ಕೇರಳ ನೆರೆಯವರು, ಅವರಿಗದು ಮೊದಲ ರಣಜಿ ಫೈನಲ್. ಬಂದ ದಾರಿಯೂ ರೋಚಕ: ಕ್ವಾರ್ಟರ್‌ಫೈನಲ್‌ನಲ್ಲಿ ಜಮ್ಮು–ಕಾಶ್ಮೀರದ ಎದುರು ಮೊದಲ ಇನಿಂಗ್ಸ್‌ನ ಒಂದು ರನ್ ಮುನ್ನಡೆ, ಸೆಮಿಫೈನಲ್‌ನಲ್ಲಿ ಗುಜರಾತ್ ಎದುರು ಎರಡು ರನ್ ಮುನ್ನಡೆ. ಆ ಎರಡು ರನ್ ಉಳಿದದ್ದು, ಗುಜರಾತಿನ ಕೊನೆಯ ಬ್ಯಾಟರ್ ಬೀಸಿದ ಚೆಂಡು ಹತ್ತಿರದಲ್ಲಿ ನಿಂತಿದ್ದ ಸಲ್ಮಾನ್ ನಿಜಾರ್ ಹೆಲ್ಮೆಟ್ಟಿಗೆ ಬಡಿದು ಚಿಮ್ಮಿ ಸ್ಲಿಪ್‌ನಲ್ಲಿ ಕ್ಯಾಚ್ ಆದದ್ದರಿಂದ. ಇಂಥ ತಂಡದ ಪರ ನಿಲ್ಲದಿರುವುದು ಹೇಗೆ?

ಆದರೆ ಎದುರಿಗೆ ವಿದರ್ಭದ ಕ್ಯಾಪ್ ತೊಟ್ಟು ನಿಂತವರು ಕರುಣ್ ನಾಯರ್. ಟೆಸ್ಟ್‌ನಲ್ಲಿ ತ್ರಿಶತಕ ಹೊಡೆದ, ಆಮೇಲೆ ಕರ್ನಾಟಕ ತಂಡದಿಂದಲೂ ಹೊರಬಿದ್ದು ವಿದರ್ಭದಲ್ಲಿ ನೆಲೆ ಕಂಡುಕೊಂಡ ಬೆಂಗಳೂರಿನ ಹುಡುಗ; ಕುಟುಂಬದ ಮೂಲ ನೋಡಿದರೆ ಅದೇ ಕೇರಳ. ಅವರು ಮೊದಲ ಇನಿಂಗ್ಸ್‌ನಲ್ಲಿ 86, ಎರಡನೆಯದರಲ್ಲಿ 135 ಹೊಡೆದರು. ಮೊದಲ ಇನಿಂಗ್ಸ್ ಮುನ್ನಡೆಯ ಬಲದಲ್ಲಿ ಕಪ್ ವಿದರ್ಭಕ್ಕೆ ಹೋಯಿತು. ಇಂಥ ಪಂದ್ಯದಲ್ಲಿ ತಂಡಕ್ಕಿಂತ ಆಟಗಾರನ ಕತೆ ದೊಡ್ಡದಾಗುತ್ತದೆ, ಅದರ ಬೆನ್ನು ಹತ್ತಿ ಹೋಗುವುದು ತಪ್ಪಲ್ಲ.

ನಮ್ಮನ್ನು ಸೋಲಿಸಿದವರ ಪರ, ಅಥವಾ ವಿರುದ್ಧ

ಸೆಮಿಫೈನಲ್‌ನಲ್ಲಿ ಸೋತ ತಂಡದ ಅಭಿಮಾನಿಗಳು ಎರಡು ಗುಂಪಾಗುತ್ತಾರೆ. ‘ನಮ್ಮನ್ನು ಸೋಲಿಸಿದವರು ಹಾಳಾಗಿ ಹೋಗಲಿ’ ಎನ್ನುವವರು ಒಂದು ಕಡೆ. ‘ಸೋಲಿಸಿದವರೇ ಕಪ್ ಗೆಲ್ಲಲಿ, ಸೋತಿದ್ದು ಚಾಂಪಿಯನ್ನರಿಗೆ ಎಂದು ಹೇಳಿಕೊಳ್ಳಬಹುದು’ ಎನ್ನುವವರು ಇನ್ನೊಂದು ಕಡೆ. ಎರಡನೆಯದು ಮನಸ್ಸಿಗೆ ತಂಪು.

2017ರ ಡಿಸೆಂಬರ್‌ನಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಕರ್ನಾಟಕ ರಣಜಿ ಸೆಮಿಫೈನಲ್ ಸೋತಿದ್ದು ಬರೀ 5 ರನ್‌ನಿಂದ. 198ರ ಗುರಿ ಬೆನ್ನಟ್ಟಿದ ನಮ್ಮವರನ್ನು 192ಕ್ಕೆ ಮುಗಿಸಿದವರು ವಿದರ್ಭದ ರಜನೀಶ್ ಗುರ್ಬಾನಿ, 68 ರನ್‌ಗೆ 7 ವಿಕೆಟ್. ಫೈನಲ್‌ನಲ್ಲಿ ಅದೇ ಗುರ್ಬಾನಿ ಡೆಲ್ಲಿ ಎದುರು ಹ್ಯಾಟ್ರಿಕ್ ಪಡೆದರು, ವಿದರ್ಭ ಮೊದಲ ಸಲ ರಣಜಿ ಗೆದ್ದಿತು. ಐದು ರನ್‌ನ ನೋವು ಹೋಗಲಿಲ್ಲ, ಆದರೆ ಅದಕ್ಕೊಂದು ಘನತೆ ಬಂತು. 2019ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಭಾರತವನ್ನು 18 ರನ್‌ನಿಂದ ಸೋಲಿಸಿದ ನ್ಯೂಜಿಲೆಂಡ್ ಪರ ಫೈನಲ್‌ನಲ್ಲಿ ನಿಂತವರಿಗೆ ಆ ಸಮಾಧಾನವೂ ಸಿಗಲಿಲ್ಲ. ಪಂದ್ಯ ಟೈ, ಸೂಪರ್ ಓವರೂ ಟೈ, ಬೌಂಡರಿ ಎಣಿಸಿ ಕಪ್ಪನ್ನು ಇಂಗ್ಲೆಂಡಿಗೆ ಕೊಟ್ಟರು.

ದೇಶಗಳ ಪಂದ್ಯದಲ್ಲಿ

ಲೆಕ್ಕದ ಮುಂದೆ ಹಗೆತನಕ್ಕೆ ರಜೆ. ಅದೇ 2019ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಸೋತರೆ ತಮ್ಮ ದಾರಿ ಸುಗಮವಾಗುತ್ತದೆ ಎಂದು ಜೂನ್ 30ರಂದು ಪಾಕಿಸ್ತಾನದ ಅಭಿಮಾನಿಗಳು ಭಾರತದ ಪರ ನಿಂತಿದ್ದರು. ಭಾರತ 31 ರನ್‌ನಿಂದ ಸೋತಿತು. 2021ರ ಟಿ20 ವಿಶ್ವಕಪ್‌ನಲ್ಲಿ ಸರದಿ ನಮ್ಮದು. ನವೆಂಬರ್ 7ರಂದು ಅಬುಧಾಬಿಯಲ್ಲಿ ಅಫ್ಗಾನಿಸ್ತಾನ ನ್ಯೂಜಿಲೆಂಡನ್ನು ಸೋಲಿಸಲಿ ಎಂದು ದೇಶವೇ ಹಾರೈಸಿತು. ಅಫ್ಗನ್ನರು 124 ರನ್ ಮಾಡಿ 8 ವಿಕೆಟ್‌ನಿಂದ ಸೋತರು. ಮರುದಿನ ಭಾರತ ನಮೀಬಿಯಾ ಎದುರು ಆಡಿದ್ದು ಶಾಸ್ತ್ರಕ್ಕಷ್ಟೇ.

ಇಲ್ಲೂ ಊರಿನ ನಂಟು ಹುಡುಕಬಹುದು. ಬೆಂಗಳೂರು ಮೂಲದ ತಂದೆ–ತಾಯಿಯ ಮಗ ರಚಿನ್ ರವೀಂದ್ರ 2023ರ ವಿಶ್ವಕಪ್‌ನಲ್ಲಿ ಪಾಕಿಸ್ತಾನದ ಎದುರು ಚಿನ್ನಸ್ವಾಮಿಯಲ್ಲಿ 108 ಹೊಡೆದಾಗ ಗ್ಯಾಲರಿಯ ತುಂಬ ಅವರದೇ ಹೆಸರು. 2024ರ ಟಿ20 ವಿಶ್ವಕಪ್‌ನಲ್ಲಂತೂ ಸ್ಕಾಟ್ಲೆಂಡ್ ಆಟಗಾರರ ಜೆರ್ಸಿ ಮೇಲೆ ಕನ್ನಡ ಅಕ್ಷರದ ‘ನಂದಿನಿ’ ಇತ್ತು. ಕೆಎಂಎಫ್ ಆಗ ಆ ತಂಡದ ಪ್ರಾಯೋಜಕನಾಗಿತ್ತು. ಆ ತಂಡದ ಕೊನೆಯ ಗುಂಪು ಪಂದ್ಯ ಆಸ್ಟ್ರೇಲಿಯಾ ಎದುರು. ಸ್ಕಾಟ್ಲೆಂಡ್ ಗೆದ್ದರೆ ಇಂಗ್ಲೆಂಡ್ ಮನೆಗೆ. ಅಂದು ಇಂಗ್ಲೆಂಡಿನವರು ಆಸ್ಟ್ರೇಲಿಯಾಕ್ಕೆ, ನಾವು ನಮ್ಮ ಹಾಲಿನ ಪ್ಯಾಕೆಟ್ಟಿನ ಹೆಸರು ಹೊತ್ತ ತಂಡಕ್ಕೆ ಜೈ ಎನ್ನುವ ವಿಚಿತ್ರ ಒದಗಿತ್ತು. 180 ಹೊಡೆದ ಸ್ಕಾಟ್ಲೆಂಡನ್ನು ಆಸ್ಟ್ರೇಲಿಯಾ ಎರಡು ಎಸೆತ ಬಾಕಿ ಇರುವಾಗ ದಾಟಿತು. ಇಂಗ್ಲೆಂಡ್ ಉಳಿಯಿತು.

ಪಕ್ಷ ಹಿಡಿಯುವವರು ಪಾಲಿಸಬೇಕಾದ ನಾಲ್ಕು ಮಾತು

ಒಂದು, ಟಾಸ್‌ಗೆ ಮೊದಲೇ ತೀರ್ಮಾನಿಸಿ. ಹದಿನೈದನೇ ಓವರಿನಲ್ಲಿ ಗೆಲ್ಲುವ ಕುದುರೆ ನೋಡಿ ಪಕ್ಷ ಬದಲಿಸುವವರ ಮಾತನ್ನು ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಎರಡು, ಕ್ರಮ ತಪ್ಪಬೇಡಿ. ನಮ್ಮ ತಂಡಕ್ಕೆ ಈ ಪಂದ್ಯದಿಂದ ಲಾಭ–ನಷ್ಟ ಇದ್ದರೆ ಪಟ್ಟಿಯೇ ಯಜಮಾನ. ಇಲ್ಲದಿದ್ದರೆ ಊರಿನ ಆಟಗಾರ. ಅವನೂ ಇಲ್ಲದಿದ್ದರೆ ಯಾರ ಕತೆ ಹೆಚ್ಚು ಸ್ವಾರಸ್ಯವೋ ಅವರು. ಹಗೆತನ ಕಟ್ಟಕಡೆಗೆ ಇರಲಿ. ಅದನ್ನು ಮೊದಲಿಗೆ ತಂದರೆ 2022ರಲ್ಲಿ ಮುಂಬೈ ಸೋಲಲಿ ಎಂದು ಹರಕೆ ಹೊತ್ತು ನಮ್ಮ ಕಾಲಿಗೆ ನಾವೇ ಕೊಡಲಿ ಹಾಕಿಕೊಂಡಂತೆ.

ಮೂರು, ಹಣ ಕಟ್ಟಬೇಡಿ. ದುಡ್ಡು ಹೂಡಿದ ಮೇಲೆ ಪಕ್ಷ ಹಿಡಿಯುವುದು ಮನಸ್ಸಲ್ಲ, ಜೇಬು.

ನಾಲ್ಕು, ಸಾಲದ ಬೆಂಬಲವನ್ನು ಆ ರಾತ್ರಿಗೇ ಚುಕ್ತಾ ಮಾಡಿ. 2023ರಲ್ಲಿ ಗುಜರಾತ್ ಗೆದ್ದದ್ದರಿಂದ ಒಳಗೆ ಬಂದ ಮುಂಬೈಗೆ ಕ್ವಾಲಿಫೈಯರ್ 2ರಲ್ಲಿ ಎದುರಾದದ್ದು ಅದೇ ಗುಜರಾತ್, ಅದೇ ಗಿಲ್. ಐದು ದಿನದ ಹಿಂದೆ ಯಾರ ಶತಕಕ್ಕೆ ಕುಣಿದಿದ್ದರೋ ಅವರೇ 129 ಹೊಡೆದು ಮುಂಬೈಯನ್ನು ಮನೆಗೆ ಕಳಿಸಿದರು. ನಿನ್ನೆ ನೆರವಾದವರು ನಾಳೆಯೂ ನಮ್ಮವರೇ ಎಂದು ನಂಬಿದವರಿಗೆ ಐಪಿಎಲ್ ಹೇಳುವ ಉತ್ತರ ಇದು. ಅವರು ಆಡಿದ್ದು ಅವರಿಗಾಗಿ. ಲಾಭ ನಮ್ಮದಾಗಿದ್ದು ಪಟ್ಟಿಯ ದೆಸೆಯಿಂದ.